ತಾಲೀಮಿನ ಮಧ್ಯೆ ನಗು ಕಳ್ಕೊಂಡ ಏಕಾಂಕ: ಒಂದು ಪ್ರಕರಣ ಅಧ್ಯಯನ

ಮೊದಲನೇ ಓದಿಗೆ ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ಕ ಸ್ಕ್ರಿಪ್ಟು ತಾಲೀಮು ಅರ್ಧ ಆಗೋಷ್ಟರಲ್ಲಿ ಸಪ್ಪೆ ಆಗ್ಬಿಡೋದು, ಶಾಲೆಯಲ್ಲೋ ಹವ್ಯಾಸಿ ತಂಡದಲ್ಲೋ ಹಾಸ್ಯ ನಾಟಕ ಮಾಡ್ಸಿದವ್ರಿಗೆಲ್ಲ ಚೆನ್ನಾಗಿ ಗೊತ್ತಿರೋ ಕಾಯಿಲೆ. ಆ ಹೊತ್ತಲ್ಲಿ ತಂಡದೋರು ಏನ್ ಮಾಡ್ತಾರೆ ಅನ್ನೋದ್ರ ಮೇಲೆ ನಾಟಕ ಉಳಿಯುತ್ತೋ ಮುಳುಗುತ್ತೋ ಗೊತ್ತಾಗುತ್ತೆ. ಇಲ್ಲಿ ಹೇಳ್ತಿರೋದು ಅಂಥ ಒಂದೇ ಏಕಾಂಕದ ವಿಚಾರ, ಸ್ಕ್ರಿಪ್ಟ್ ಹುಡುಕಿದ್ದರಿಂದ ಹಿಡಿದು ಎರಡನೇ ಪ್ರದರ್ಶನದ ತನಕ. ನಾನು ಅದ್ರಲ್ಲಿ ಪ್ರಾಂಪ್ಟರು, ಸ್ಕ್ರಿಪ್ಟು ಪೆನ್ಸಿಲ್ಲು ಸ್ಟಾಪ್‌ವಾಚು ಹಿಡ್ಕೊಂಡು ಸೈಡ್ ವಿಂಗಲ್ಲಿ ಕೂತು ಮಾತು ಮರೆತವ್ರಿಗೆ ಎತ್ತಿಕೊಡೋ ಕೆಲಸ, ಹಂಗಾಗಿ ಯಾವ ಮಾತಿಗೆ ನಗು ಬಂತು ಯಾವ ಮಾತಿಗೆ ಬರ್ಲಿಲ್ಲ ಅನ್ನೋದು ಹತ್ರದಿಂದ ನೋಡಿದ್ದು.

ತಂಡ ಅರ್ಧ ಶಾಲೆಯದ್ದು, ಅರ್ಧ ಸಂಜೆ ಹೊತ್ತು ಸೇರೋ ಹವ್ಯಾಸಿಗಳದ್ದು. ಮಕ್ಕಳು 11ರಿಂದ 15 ವರ್ಷದೊಳಗಿನವ್ರು, ದೊಡ್ಡವ್ರು ಬೇರೆ ಬೇರೆ ಕೆಲಸದಲ್ಲಿರೋರು, ನಿರ್ದೇಶನ ಶಾಲೆಯ ನಾಟಕದ ಮೇಡಂದು. ಸಮಯ 30 ನಿಮಿಷ, ಒಂದ್ ನಿಮಿಷ ಜಾಸ್ತಿ ಆದ್ರೂ ಲೈಟ್ ಆರಿಸ್ತೀವಿ ಅಂತ ಆಯೋಜಕರು ಮೊದ್ಲೇ ಹೇಳಿದ್ರು. ಒಂದೇ ಸೆಟ್ಟು, ಒಂದೇ ಬಾಗ್ಲು. ಏಕಾಂಕಕ್ಕೆ ಇದೆಲ್ಲ ಮಾಮೂಲು, ಇದೇ ಕಟ್ಟುಪಾಡಿಂದಾನೇ ಅದಕ್ಕೊಂದು ಬಿಗಿ ಬರೋದು.

ಮೊದ್ಲು ಎಲ್ರ ಬಾಯಲ್ಲೂ ಬಂದಿದ್ದು ರಷ್ಯದ ನಾಟಕಕಾರ ಚೆಕಾಫ್‌ನ 'ಕರಡಿ'. 1888ರಲ್ಲಿ ಬರ್ದಿದ್ದು, ಜಗತ್ತಲ್ಲಿ ಹವ್ಯಾಸಿ ತಂಡಗಳು ಮತ್ತೆ ಮತ್ತೆ ಆಡೋ ಏಕಾಂಕಗಳಲ್ಲಿ ಒಂದು. ಆದ್ರೆ ಕೊನೇಲಿ ಬಂದು ನಿಂತ್ಕೊಳೋ ಆಳುಗಳನ್ನ ಬಿಟ್ರೆ ಅದ್ರಲ್ಲಿ ಮಾತಾಡೋರು ಮೂರೇ ಜನ, ಗಂಡನ್ನ ಕಳ್ಕೊಂಡ ಹೆಂಗಸು, ಸಾಲ ವಸೂಲಿಗೆ ಬಂದ ಜಮೀನ್ದಾರ, ಒಬ್ಬ ಮುದುಕ ಆಳು. ಇಲ್ಲಿ ನೋಡಿದ್ರೆ ಹೆಸರು ಕೊಟ್ಟೋರು ಹದಿನಾಲ್ಕು ಜನ. ಇನ್ನೊಂದು ವಿಷ್ಯ ಹಕ್ಕಿಂದು. ಬರೆದವ್ರು ತೀರ್ಕೊಂಡ ಮೇಲೆ ಕನಿಷ್ಠ 50 ವರ್ಷ ಕೃತಿಗೆ ರಕ್ಷಣೆ ಇರ್ಬೇಕು ಅಂತ ಕೃತಿಗಳ ಹಕ್ಕಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಹೇಳುತ್ತೆ, ಭಾರತದಲ್ಲಿ ಅದು 60 ವರ್ಷ, ಯುರೋಪಿನ ಬಹುಪಾಲು ಕಡೆ 70. ಚೆಕಾಫ್ ತೀರ್ಕೊಂಡಿದ್ದು 1904ರಲ್ಲಿ, ಹಂಗಾಗಿ ಮೂಲ ನಾಟಕ ಯಾರು ಬೇಕಾದ್ರೂ ಆಡ್ಬೋದು. ಆದ್ರೆ ಅನುವಾದ ಮಾಡಿದವ್ರಿಗೆ ಅವ್ರ ಅನುವಾದದ ಮೇಲೆ ಬೇರೆಯೇ ಹಕ್ಕಿರುತ್ತೆ, ಕೈಗೆ ಸಿಕ್ಕಿದ ಹೊಸ ಅನುವಾದನ ಜೆರಾಕ್ಸ್ ಮಾಡಿ ಹಂಚಿಬಿಡೋ ಹಂಗಿಲ್ಲ, ಅನುಮತಿ ಕೇಳ್ಬೇಕು. ಇದು ಎಷ್ಟೋ ತಂಡಗಳಿಗೆ ಗೊತ್ತೇ ಇರಲ್ಲ. ಎಲ್ಲಾ ಯೋಚ್ನೆ ಮಾಡಿ ಕೊನೆಗೆ ನಮ್ದೇ ಒಂದು ಬರ್ಕೊಳೋಣ ಅಂತಾಯ್ತು, ತಂಡದ ಒಬ್ರು ಬರ್ಕೊಟ್ರು.

ಕಥೆ ಚಿಕ್ಕದು. ಒಂದು ಮನೆ ಮಾರಾಟಕ್ಕಿದೆ, ಕೊಳ್ಳೋರು ಇವತ್ತು ನೋಡೋಕೆ ಬರ್ತಾರೆ. ಅಪ್ಪನಿಗೆ ಇವತ್ತೇ ಮಾರಿ ಮುಗಿಸ್ಬೇಕು, ನಾಳೆ ಸಾಲದ ಗಡುವು. ಅಮ್ಮನಿಗೆ ಮಾರೋಕೆ ಇಷ್ಟ ಇಲ್ಲ, ಬಾಯಿಬಿಟ್ಟು ಹೇಳೋ ಹಂಗೂ ಇಲ್ಲ. ಮಗ ಬೀರು ಒಳಗೆ ನಾಯಿಮರಿ ಬಚ್ಚಿಟ್ಟಿದ್ದಾನೆ. ಅಜ್ಜಿಗೆ ಮನೆ ಹೋದ್ರೂ ಚಿಂತೆ ಇಲ್ಲ, ಕಾಲು ಮುರಿದ ಆ ಹಳೇ ಕುರ್ಚಿ ಮಾತ್ರ ತನ್ನ ಜೊತೆ ಬರ್ಬೇಕು. ಅದೇ ಹೊತ್ತಿಗೆ ನಲ್ಲಿ ರಿಪೇರಿಯವ್ನು ಬರ್ತಾನೆ, ಕೊಳ್ಳೋಕೆ ಬರ್ಬೇಕಿದ್ದ ಹೆಂಗಸೂ ಬರ್ತಾರೆ, ಇಬ್ರೂ ಅದಲು ಬದಲು. ರಿಪೇರಿಯವ್ನಿಗೆ ರಾಜೋಪಚಾರ, ಮನೆ ಕೊಳ್ಳೋ ಹೆಂಗಸಿನ ಕೈಗೆ ಬಕೆಟ್ ಕೊಟ್ಟು ಬಚ್ಚಲಿಗೆ ಕಳಿಸ್ತಾರೆ.

ಓದುವಾಗ ಚೆನ್ನಾಗಿತ್ತು. ಎಲ್ಲರೂ ಗುಂಪಾಗಿ ಕೂತು ಜೋರಾಗಿ ಓದಿದಾಗ 24 ನಿಮಿಷ. ಮಾತು ಬಾಯಿಪಾಠ ಆಗಿ, ಎಂಟ್ರಿ ಎಕ್ಸಿಟ್ ಎಲ್ಲಾ ಕೂತು, ಮೊದಲ್ಸಲ ನಿಲ್ಲದೆ ಆಡಿದಾಗ ವಾಚು ತೋರ್ಸಿದ್ದು 38. ಒಬ್ರೂ ನಗಲಿಲ್ಲ. ಕಾಸ್ಟ್ಯೂಮ್ ನೋಡ್ಕೊಳೋರು, ಲೈಟಿನೋರು, ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದಿದ್ದ ತಂದೆ ತಾಯಿ ಎಲ್ಲ ಸುಮ್ನೆ ಕೂತಿದ್ರು.

ಇಂಥ ಹೊತ್ತಲ್ಲಿ ನಟರಿಗೆ ಭಯ ಆಗುತ್ತೆ, ಭಯ ಆದಾಗ ತುಂಬೋಕೆ ಶುರು ಮಾಡ್ತಾರೆ. ಅಪ್ಪನ ಪಾತ್ರದವ್ರು ಒಂದೊಂದು ಮಾತಿಗೂ ಕಣ್ಣು ಅಗಲಿಸಿ ಪ್ರೇಕ್ಷಕರ ಕಡೆ ತಿರುಗೋಕೆ ಹತ್ತಿದ್ರು, ಮಗನ ಪಾತ್ರದ ಹುಡುಗ ನಡುನಡುವೆ ಸಿನಿಮಾ ಡೈಲಾಗ್ ತೂರಿಸ್ದ, ನಲ್ಲಿಯವ್ನು ಬಂದಾಗೆಲ್ಲ ಜಾರಿ ಬೀಳೋಕೆ ಶುರು ಮಾಡ್ದ. ತಾಲೀಮಲ್ಲಿ ಮಕ್ಕಳು ಇದಕ್ಕೆ ನಕ್ರು ಕೂಡ, ಆದ್ರೆ ಬಿದ್ದಿದ್ದಕ್ಕೆ ನಗ್ತಾರೆ, ಆಮೇಲೆ ಬರೋ ಮಾತು ಯಾರ ಕಿವಿಗೂ ಬೀಳಲ್ಲ, ಕಥೆ ಅಲ್ಲೇ ಬಿದ್ದಿರುತ್ತೆ.

ಮೇಡಂ ಮೊದ್ಲು ಮಾಡಿದ್ದು ಲೆಕ್ಕ. 24 ನಿಮಿಷದ್ದು 38 ಹೆಂಗಾಯ್ತು? ಸ್ಕ್ರಿಪ್ಟಲ್ಲಿ ಹತ್ರ ಹತ್ರ 300 ಮಾತುಗಳಿದ್ವು. ಒಬ್ರು ಮುಗಿಸಿದ ಮೇಲೆ ಇನ್ನೊಬ್ರು ಶುರು ಮಾಡೋಕೆ ಸುಮಾರು ಎರಡು ಸೆಕೆಂಡ್ ತಗೋತಿದ್ರು, ಮೂಗಿಂದ ಒಂದು ಉಸಿರು, ಒಂದು ಸಣ್ಣ ಯೋಚ್ನೆ, ಆಮೇಲೆ ಮಾತು. 300 ಇಂಟು 2 ಅಂದ್ರೆ 600 ಸೆಕೆಂಡ್, ಅಂದ್ರೆ ಹತ್ತು ನಿಮಿಷ ಬರೀ ಖಾಲಿ. ಉಳಿದ ನಾಲ್ಕು ನಿಮಿಷ ಮೇಲೆ ಹೇಳಿದ ಜಾರೋದು ಬೀಳೋದು ಡೈಲಾಗು. ಈ ಲೆಕ್ಕ ಬೋರ್ಡ್ ಮೇಲೆ ಬರ್ದಾಗ ಮಕ್ಕಳಿಗೆ ತಕ್ಷಣ ಅರ್ಥ ಆಯ್ತು, ದೊಡ್ಡವ್ರಿಗೆ ಒಪ್ಕೊಳೋಕೆ ಸ್ವಲ್ಪ ಹೊತ್ತು ಬೇಕಾಯ್ತು, ಯಾಕಂದ್ರೆ ಪಾಸ್, ಅಂದ್ರೆ ಮಾತಿನ ಮಧ್ಯೆ ಬಿಡುವು, ಕೊಟ್ರೆ ಅಭಿನಯಕ್ಕೆ ತೂಕ ಬರುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತೂಕ ಬರೋದು ನಿಜಾನೇ, ಆದ್ರೆ ಒಂದೊಂದು ಮಾತಿಗೂ ಪಾಸ್ ಕೊಟ್ರೆ ಕೊಡಲೇಬೇಕಾದ ಜಾಗದಲ್ಲಿ ಕೊಟ್ಟಿದ್ದು ಗೊತ್ತೇ ಆಗಲ್ಲ.

ಅದಕ್ಕೆ ಓಟದ ತಾಲೀಮು. ಎಲ್ರೂ ವೃತ್ತಾಕಾರವಾಗಿ ಕೂತು, ಅಭಿನಯ ಇಲ್ದೆ, ಎಷ್ಟು ವೇಗವಾಗಿ ಆಗುತ್ತೋ ಅಷ್ಟು ವೇಗವಾಗಿ ಇಡೀ ನಾಟಕ ಹೇಳೋದು, ಒಬ್ರ ಮಾತಿನ ಕೊನೇ ಪದ ಬೀಳ್ತಿದ್ದಂಗೆ ಇನ್ನೊಬ್ರದ್ದು. ಫ್ರೆಂಚ್ ರಂಗಭೂಮಿಯವ್ರು ಇದಕ್ಕೆ ಇಟಾಲಿಯನ್ ಓದು ಅಂತಾರೆ, ವೃತ್ತಿ ತಂಡಗಳೂ ಪ್ರದರ್ಶನದ ದಿನ ಇದನ್ನ ಮಾಡ್ತವೆ. ಕ್ಯೂ, ಅಂದ್ರೆ ಮುಂಚಿನವ್ರ ಆ ಕೊನೇ ಪದ, ಕೇಳಿದ ತಕ್ಷಣ ಬಾಯಿ ತೆರೆಯೋ ಅಭ್ಯಾಸ ಇದ್ರಿಂದಾನೇ ಬಂತು. ಯಾರ್ಗೆ ಮಾತು ಗಟ್ಟಿಯಾಗಿ ಕೂತಿಲ್ಲ ಅನ್ನೋದೂ ಇದ್ರಲ್ಲೇ ಬಯಲಾಯ್ತು.

ವೇಗ ಸರಿಹೋದ್ರೂ ನಗು ಬರ್ಲಿಲ್ಲ. ಅಲ್ಲಿಂದಾಚೆಗೆ ಮೇಡಂ ಹಿಡಿದಿದ್ದೇ ಈ ಪ್ರಕರಣದ ಜೀವಾಳ ಅಂತ ನನ್ನ ಅಭಿಪ್ರಾಯ. ಅವ್ರು ಒಂದು ತಾಲೀಮಿಗೆ ಮುಂಚೆ ಹಳೇ ಪ್ರಹಸನ ಒಂದರ ಕಥೆ ಹೇಳಿದ್ರು. ನಾಟ್ಯಶಾಸ್ತ್ರ ಹೇಳೋ ಹತ್ತು ರೂಪಕಗಳಲ್ಲಿ, ಅಂದ್ರೆ ನಾಟಕದ ಬಗೆಗಳಲ್ಲಿ, ಪ್ರಹಸನವೂ ಒಂದು, ಆ ಜಾತಿಗೆ ಸೇರಿದ 'ಮತ್ತವಿಲಾಸ'ವನ್ನ ಪಲ್ಲವರ ದೊರೆ ಮೊದಲನೇ ಮಹೇಂದ್ರವರ್ಮ ಬರ್ದಿದ್ದು, 7ನೇ ಶತಮಾನ, ಒಂದೇ ಅಂಕ. ಕುಡಿದಿರೋ ಕಾಪಾಲಿಕನೊಬ್ಬನ, ಅಂದ್ರೆ ತಲೆಬುರುಡೆ ಹಿಡಿದು ಭಿಕ್ಷೆ ಬೇಡೋ ಶೈವ ಸನ್ಯಾಸಿಯ, ಆ ಬುರುಡೆ ಪಾತ್ರೆ ಕಳ್ದೋಗುತ್ತೆ. ದಾರೀಲಿ ಬಂದ ಬೌದ್ಧ ಭಿಕ್ಷುವೇ ಕದ್ದಿದ್ದಾನೆ ಅಂತ ಜಗಳಕ್ಕೆ ಬೀಳ್ತಾನೆ, ಕೊನೆಗೆ ನೋಡಿದ್ರೆ ನಾಯಿ ಕಚ್ಕೊಂಡು ಹೋಗಿದ್ದು, ಅದು ಒಬ್ಬ ಹುಚ್ಚನ ಕೈ ಸೇರಿರುತ್ತೆ. ಕಥೆ ಇಷ್ಟೇ. "ಆ ಕಾಪಾಲಿಕನಿಗೆ ತಾನು ಹಾಸ್ಯಪಾತ್ರ ಅಂತ ಗೊತ್ತಿದ್ಯೇನ್ರೋ?" ಅಂತ ಕೇಳಿದ್ರು ಮಕ್ಕಳನ್ನ. ಅವ್ನಿಗೆ ಅವ್ನ ಪಾತ್ರೆ ಬೇಕು. ಜೀವ ಹೋದ್ರೂ ಬೇಕು. ನಗೋದು ನಾವು.

ಆಮೇಲೆ ಒಬ್ಬೊಬ್ರನ್ನೂ ನಿಲ್ಸಿ ಒಂದೇ ಪ್ರಶ್ನೆ, ನಿನ್ನ ಪಾತ್ರಕ್ಕೆ ಏನು ಬೇಕು, ಅದು ಸಿಗದಿದ್ರೆ ಏನಾಗುತ್ತೆ. ಅಪ್ಪನ ಪಾತ್ರದವ್ರು ಮೊದ್ಲು "ಜನ ನಗ್ಬೇಕು" ಅಂದ್ರು. "ಅದು ನಿಮಗೆ ಬೇಕಾಗಿರೋದು ಸರ್, ಪಾತ್ರಕ್ಕೆ ಏನ್ ಬೇಕು ಹೇಳಿ" ಅಂದ್ರು ಮೇಡಂ. ಮನೆ ಮಾರ್ಬೇಕು. ಮಾರದಿದ್ರೆ? ನಾಳೆ ಸಾಲ ಕೊಟ್ಟವ್ರ ಎದುರು ತಲೆ ತಗ್ಗಿಸಿ ನಿಲ್ಬೇಕು. "ಹಂಗಾದ್ರೆ ಇವತ್ತು ಪೂರ್ತಿ ನಾಟಕ ಇದು ದುಃಖದ ನಾಟಕ ಅಂತ ತಿಳ್ಕೊಂಡು ಆಡಿ, ಯಾರೂ ನಗಿಸೋ ಪ್ರಯತ್ನ ಮಾಡೋ ಹಂಗಿಲ್ಲ" ಅಂತ ಹೇಳಿ ಶುರು ಮಾಡ್ಸಿದ್ರು.

ಆ ಓಟ ನೋಡ್ಬೇಕಿತ್ತು. ಮಗ ಬೀರು ಬಾಗ್ಲಿಗೆ ಬೆನ್ನು ಕೊಟ್ಟು ನಿಂತ, ಕಣ್ಣಲ್ಲಿ ನಿಜವಾದ ಗಾಬರಿ. ನಲ್ಲಿಯವ್ನು ಅತ್ತಿತ್ತ ನೋಡಿ ಬೀರು ಕಡೆ ಒಂದು ಹೆಜ್ಜೆ ಇಟ್ಟ, ಹುಡುಗ ಉಸಿರು ಬಿಗಿ ಹಿಡಿದು "ಅದ್ರೊಳಗೆ ಏನೂ ಇಲ್ಲ" ಅಂದ, ಯಾರೂ ಕೇಳೇ ಇರ್ಲಿಲ್ಲ. ಲೈಟಿನವ್ರು ಜೋರಾಗಿ ನಕ್ಕುಬಿಟ್ರು. ಅದೇ ಮಾತು, ಅದಕ್ಕಿಂತ ಮುಂಚೆ ಎಷ್ಟೋ ಸಲ ಕಣ್ಣು ಮಿಟುಕಿಸ್ಕೊಂಡು ಹೇಳಿದ್ದ, ಆಗ ಒಬ್ರೂ ನಕ್ಕಿರ್ಲಿಲ್ಲ. ಆವತ್ತಿಂದ ಸಿನಿಮಾ ಡೈಲಾಗು ತಾನಾಗೇ ಹೋಯ್ತು, ಯಾರೂ ಬೈಯೋದು ಬೇಕಾಗ್ಲಿಲ್ಲ.

ಇನ್ನೊಂದು ವಿಷ್ಯ ಸ್ವಲ್ಪ ಸೂಕ್ಷ್ಮದ್ದು, ಆದ್ರೂ ಬಿಡೋ ಹಂಗಿಲ್ಲ. ಮೊದಲನೇ ಕರಡಲ್ಲಿ ನಲ್ಲಿಯವ್ನಿಗೆ ತೊದಲು ಮಾತು ಇತ್ತು, ಅವ್ನು ಒಂದು ಪದಕ್ಕೆ ಸಿಕ್ಕಾಕ್ಕೊಂಡಾಗ ಅಪ್ಪ ಅವಸರವಾಗಿ ಏನೋ ಪೂರ್ತಿ ಮಾಡಿ ತಪ್ಪು ತಿಳ್ಕೊಳೋದು, ಅದ್ರಿಂದಾನೇ ಗೊಂದಲ. ಹಾಸ್ಯ ನಾಟಕಗಳಲ್ಲಿ ಇದು ಬಹಳ ಹಳೇ ಸುಲಭದ ದಾರಿ. ಆದ್ರೆ ಸೌಂಡ್ ನೋಡ್ಕೊಳೋ ಹುಡುಗನೊಬ್ಬನಿಗೆ ಮಾತು ತೊದಲುತ್ತೆ. ಆ ಸೀನ್ ಬಂದಾಗೆಲ್ಲ ಅವ್ನು ನೀರು ಕುಡಿಯೋ ನೆಪದಲ್ಲಿ ಎದ್ದು ಹೋಗ್ತಿದ್ದ. ಅವ್ನು ಒಂದ್ಸಲವೂ ಏನೂ ಹೇಳ್ಲಿಲ್ಲ, ಹೇಳೋ ಭಾರ ಮಗು ಮೇಲೆ ಹಾಕ್ಲೂಬಾರ್ದು. ಮೇಡಂ ಗಮನಿಸಿ ಬರೆದವ್ರ ಹತ್ರ ಕೂತು ಮಾತಾಡಿದ್ರು. ಶಾಲೆ ನಾಟಕ ಮುಗಿದ ಮೇಲೂ ಅದ್ರ ಮಾತುಗಳು ಮಕ್ಕಳ ಬಾಯಲ್ಲಿ ತಿಂಗಳುಗಟ್ಟಲೆ ಇರ್ತವೆ, ಆ ಮಾತಿಗೆ ಗುರಿಯಾಗೋ ಮಗು ಅದೇ ಕ್ಲಾಸಲ್ಲಿ ಕೂತಿರುತ್ತೆ, ಇದನ್ನ ಯೋಚ್ನೆ ಮಾಡದೆ ಹಾಸ್ಯ ಆರಿಸ್ಕೋಬಾರ್ದು ಅಂತ ನಾನೂ ಗಟ್ಟಿಯಾಗಿ ನಂಬ್ತೀನಿ.

ತೊದಲು ತೆಗೆದಿದ್ದಕ್ಕೆ ನಾಟಕ ಬಡವಾಯ್ತಾ ಅಂದ್ರೆ, ಇಲ್ಲ. ಬರೆದವ್ರು ಬೇರೆ ದಾರಿ ಹುಡುಕಿದ್ರು, ನಲ್ಲಿಯವ್ನು ತನ್ನ ಕೆಲಸ ಚೆನ್ನಾಗಿ ಗೊತ್ತಿರೋ, ಕೇಳಿದ್ದಕ್ಕೆ ನೆಟ್ಟಗೆ ಉತ್ರ ಕೊಡೋ ಮನುಷ್ಯ, ಅಷ್ಟೇ. ಅವ್ನು ಮಾತಾಡ್ತಿರೋದು ನಲ್ಲಿ ಬಗ್ಗೆ, ಅಪ್ಪ ಕೇಳಿಸ್ಕೊಳ್ತಿರೋದು ಮನೆ ಬಗ್ಗೆ.

ಅಪ್ಪ: ಹೆಂಗನ್ಸುತ್ತೆ ಸರ್ ಮನೆ?
ನಲ್ಲಿಯವ: ಹೊರಗಿಂದ ಚೆನ್ನಾಗೇ ಇದೆ. ತೊಂದ್ರೆ ಯಾವಾಗ್ಲೂ ಒಳಗಡೆನೇ ಇರೋದು.
ಅಪ್ಪ: ಛೇ ಛೇ, ಹಂಗೇನಿಲ್ಲ ಸರ್, ನಾವೆಲ್ಲ ಬಹಳ ಹೊಂದ್ಕೊಂಡಿದೀವಿ!
ನಲ್ಲಿಯವ: ಎಷ್ಟು ದಿನದಿಂದ ಸೋರ್ತಿದೆ?
ಅಪ್ಪ: (ಹೆಂಡ್ತಿ ಕಡೆ ತಿರುಗಿ, ಮೆಲ್ಲಗೆ) ಯಾರೇ ಇವ್ರಿಗೆ ಹೇಳಿದ್ದು?

ಇಡೀ ನಾಟಕದಲ್ಲಿ ಗ್ಯಾರಂಟಿ ನಗು ಬರೋ ಜಾಗ ಇದೇ ಆಯ್ತು ಆಮೇಲೆ. ನಲ್ಲಿಯವ್ನ ಮಾನವೂ ಉಳೀತು, ನಗು ಬಿದ್ದಿದ್ದು ಅಪ್ಪನ ಮುಚ್ಚಿಡೋ ಚಟದ ಮೇಲೆ.

ಇನ್ನು ಕುರ್ಚಿ. ಸ್ಕ್ರಿಪ್ಟ್ ಪ್ರಕಾರ ಆ ಮುರುಕು ಕುರ್ಚಿ ಮೇಲೆ ನಲ್ಲಿಯವ್ನು ಕೂರೋಕೆ ಹೋಗ್ತಾನೆ, ಮನೆಯವ್ರೆಲ್ಲ ಹೌಹಾರಿ ತಡೀತಾರೆ. ಎರಡನೇ ಸಲ ಇನ್ನೂ ಜೋರಾಗಿ ತಡೀತಾರೆ, ಮಗ ಹಾರಿ ಹೋಗಿ ಮಧ್ಯೆ ನಿಲ್ತಾನೆ. ಮೂರನೇ ಸಲ ಎಲ್ರೂ ಜಗಳದಲ್ಲಿ ಮುಳುಗಿರೋವಾಗ ಅಜ್ಜಿ ನಿಧಾನಕ್ಕೆ ಬಂದು ಅದ್ರ ಮೇಲೆ ಕೂತ್ಕೊಳ್ತಾಳೆ, ಏನೂ ಆಗಲ್ಲ. ಎರಡು ಸಲ ಒಂದೇ ಥರ ಮಾಡಿ ನಿರೀಕ್ಷೆ ಕಟ್ಟು, ಮೂರನೇ ಸಲ ತಿರುಗಿಸು, ಇದು ಹಾಸ್ಯ ಬರೆಯೋರೆಲ್ಲ ಬಳ್ಸೋ ಲೆಕ್ಕ. ಕಾಗದದ ಮೇಲೆ ಸರಿಯಾಗೇ ಇತ್ತು, ರಂಗದ ಮೇಲೆ ಯಾರಿಗೂ ಅಜ್ಜಿ ಕೂತಿದ್ದು ಕಾಣಿಸ್ಲೇ ಇಲ್ಲ.

ಕಾರಣ ಹುಡುಕೋಕೆ ಮೇಡಂ ಹಾಲ್‌ನ ಕೊನೇ ಸಾಲಿಗೆ ಹೋಗಿ ಕೂತು ಬರೀ ಆ ಭಾಗ ಮತ್ತೆ ಮತ್ತೆ ಮಾಡ್ಸಿದ್ರು. ಅಜ್ಜಿ ಕೂರೋ ಕ್ಷಣದಲ್ಲೇ ಅಮ್ಮ ಮೇಜಿನ ಬಟ್ಟೆ ಕೊಡವ್ತಿದ್ರು, ಎಡಗಡೆ ಇಬ್ಬರು ಮಕ್ಕಳು ತಲೆ ಅಲ್ಲಾಡಿಸ್ತಿದ್ರು. ನೋಡೋರ ಕಣ್ಣು ಅಲುಗಾಡೋ ಕಡೆ ಓಡುತ್ತೆ, ಅದ್ರಲ್ಲೂ ಬಿಳಿ ಬಟ್ಟೆ ಅಲ್ಲಾಡಿದ್ರೆ ಮುಗೀತು. ಮಾಡಿದ ಬದಲಾವಣೆ ಮೂರು. ಕುರ್ಚಿನ ಮೂಲೆಯಿಂದ ತಂದು ನಡುವಿಗಿಂತ ಸ್ವಲ್ಪ ಮುಂದೆ ಹಾಕಿದ್ರು. ಜಗಳ ಅಲ್ಲಿ ತಾರಕಕ್ಕೆ ಏರಿ ಎಲ್ರೂ ಒಟ್ಟಿಗೆ ಒಂದು ಕ್ಷಣ ಸುಮ್ಮನಾಗೋ ಹಂಗೆ ಮಾತು ಜೋಡಿಸಿದ್ರು. ಆ ಕ್ಷಣದಲ್ಲಿ ಅಜ್ಜಿ ಬಿಟ್ಟು ರಂಗದ ಮೇಲೆ ಯಾರ ಬೆರಳೂ ಅಲುಗೋ ಹಂಗಿಲ್ಲ. ಅಜ್ಜಿ ಪಾತ್ರದವ್ರು ಸೀರೆ ಸರಿ ಮಾಡ್ಕೊಂಡು, ಕೈ ಊರಿ, ಕೂತು, ಒಂದು ಉಸಿರು ಬಿಟ್ಟು, "ಮುಂದುವರ್ಸಿ" ಅಂದ್ರು. ಈ ಒಂದು ಪದ ಸ್ಕ್ರಿಪ್ಟಲ್ಲಿ ಇರ್ಲಿಲ್ಲ, ತಾಲೀಮಲ್ಲಿ ಅವ್ರ ಬಾಯಿಂದ ಬಂದಿದ್ದು, ಎಲ್ರಿಗೂ ಹಿಡಿಸಿ ಉಳೀತು.

ಪರಿಕರದ ಬಗ್ಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಆ ಕುರ್ಚಿ ನಿಜವಾಗಿ ಮುರಿದಿದ್ದಲ್ಲ, ಗಟ್ಟಿಮುಟ್ಟಾದ ಕುರ್ಚಿ, ಒಂದು ಕಾಲಿಗೆ ಹಗ್ಗ ಸುತ್ತಿ ಬಣ್ಣ ಬಳ್ದು ಮುರಿದಂಗೆ ಕಾಣೋ ಹಂಗೆ ಮಾಡಿದ್ದು. ರಂಗದ ಮೇಲೆ ಮುರುಕಾಗಿ ಕಾಣೋ ವಸ್ತು ದಿನನಿತ್ಯ ಬಳ್ಸೋ ವಸ್ತುಗಿಂತ ಗಟ್ಟಿ ಇರ್ಬೇಕು, ವಯಸ್ಸಾದವ್ರು ಅದ್ರ ಮೇಲೆ ಕೂರ್ತಾರೆ ಅಂದಾಗಂತೂ ಇದ್ರಲ್ಲಿ ರಾಜಿ ಬೇಡ. ತಂಡದ ಅತಿ ತೂಕದ ಮನುಷ್ಯನ್ನ ಕೂರ್ಸಿ ನೋಡಿದ ಮೇಲೇನೇ ಅಜ್ಜಿಗೆ ಬಿಟ್ಟಿದ್ದು.

ಮಾತಿನ ಜೋಡಣೆಯಲ್ಲೂ ಕೆಲಸ ಇತ್ತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೇಲಿ ಬರೋದು ರೂಢಿ, ಹಂಗಾಗಿ ನಗು ತರಿಸೋ ಪದ ಮಧ್ಯದಲ್ಲಿ ಸಿಕ್ಕಾಕ್ಕೊಂಡು "ಅಂತ ಹೇಳ್ತಿದೀನಿ", "ಮಾಡ್ಬೇಕಾಗಿದೆ" ಅನ್ನೋ ಬಾಲ ಅದ್ರ ಮೇಲೆ ಬೀಳುತ್ತೆ. ಪ್ರೇಕ್ಷಕರು ನಗೋಕೆ ಬಾಯಿ ತೆರೆದಿರ್ತಾರೆ, ವಾಕ್ಯ ಇನ್ನೂ ಮುಗಿದಿರಲ್ಲ. ಆದ್ರೆ ಆಡುಮಾತಲ್ಲಿ ಪದ ಹಿಂದೆ ಮುಂದೆ ಮಾಡೋಕೆ ಬೇಕಾದಷ್ಟು ಸಲೀಸಿದೆ. "ಬೀರು ಒಳಗಿಂದ ನಾಯಿ ಬೊಗಳಿದಂಗೆ ನನಗೆ ಕೇಳಿಸ್ತಾ ಇದೆಯಲ್ಲ" ಅಂತಿದ್ದಿದ್ದು "ಅಲ್ಲಾ, ಬೊಗಳ್ತಾ ಇದೆಯಲ್ರೀ, ನಿಮ್ಮ ಬೀರು" ಅಂತಾಯ್ತು. ಬೀರು ಅನ್ನೋ ಪದದ ಮೇಲೆ ಮಾತು ನಿಲ್ಲುತ್ತೆ, ಅಲ್ಲೇ ನಗು. ಸ್ಕ್ರಿಪ್ಟ್ ಪೂರ್ತಿ ಹಿಂಗೆ ಒಂದೊಂದೇ ಮಾತು ಹಿಡಿದು ಬಾಲ ಕತ್ತರಿಸ್ತಾ ಹೋದ್ರು, ಗಟ್ಟಿಯಾಗಿ ಹೇಳಿ ನೋಡಿ ನೋಡಿ ತಿದ್ದೋ ಕೆಲಸ, ಕೂತಲ್ಲೇ ಬರ್ಕೊಂಡ್ರೆ ಆಗಲ್ಲ.

ಮಕ್ಕಳ ಗುಂಪಿನ ವಿಷ್ಯ. ಏಳು ಮಕ್ಕಳಿಗೆ ಅಕ್ಕಪಕ್ಕದ ಮನೆಯವ್ರು ಅನ್ನೋ ಪಾತ್ರ, ಮಾತಿಲ್ಲ, ಬಂದು ನಿಂತು ಬಾಯಿ ಬಿಟ್ಕೊಂಡು ನೋಡೋದು. ಅವ್ರು ಬೇಜಾರಾಗಿ ಗುಸುಗುಸು ಶುರು ಮಾಡಿದ್ರು, ಮುಂದಿರೋರ ಮಾತು ಕೇಳಿಸ್ದಂಗಾಯ್ತು. ಮೇಡಂ ಅವ್ರಿಗೂ ಅದೇ ಪ್ರಶ್ನೆ ಕೇಳಿದ್ರು, ನಿಮಗೇನು ಬೇಕು. ಅವ್ರ ಬಾಲು ಈ ಮನೆ ಹಿತ್ತಿಲಿಗೆ ಬಿದ್ದಿದೆ, ಅದು ಬೇಕು. ಮುಗೀತು, ಏಳು ಜನಕ್ಕೂ ಒಂದೇ ಗುರಿ ಸಿಕ್ತು, ಕಣ್ಣೆಲ್ಲ ಹಿತ್ತಿಲ ಕಡೆ. ಅವ್ರಲ್ಲಿ ಅತಿ ಚಿಕ್ಕ ಹುಡುಗಿಗೆ ಒಂದೇ ಮಾತು ಕೊಟ್ರು, "ಅಂಕಲ್, ನಮ್ ಬಾಲು?" ದೊಡ್ಡವ್ರ ಜಗಳ ಉಸಿರು ತಗೊಳೋ ಜಾಗದಲ್ಲಿ ನಾಲ್ಕು ಸಲ ಬರುತ್ತೆ, ನಾಲ್ಕು ಸಲವೂ ಒಂದೇ ಧ್ವನಿ, ಅಷ್ಟೇ ವಿನಯ. ಉಳಿದ ಆರು ಮಕ್ಕಳು ಪ್ರತಿಕ್ರಿಯೆ ಕೊಡ್ಬೇಕಾಗಿದ್ದು ಮೂರೇ ಜಾಗದಲ್ಲಿ, ಬಾಕಿ ಹೊತ್ತು ಸ್ತಬ್ಧ. ಮಕ್ಕಳಿಗೆ ಸುಮ್ನೆ ನಿಲ್ಲು ಅಂದ್ರೆ ಕಷ್ಟ, ಕಾದು ನಿಲ್ಲು ಅಂದ್ರೆ ನಿಲ್ತಾರೆ.

ಇಷ್ಟೆಲ್ಲ ಆದ್ಮೇಲೆ ಪರೀಕ್ಷೆಗೆ ಅಂತ ಕೆಳಗಿನ ಕ್ಲಾಸಿನ ಮಕ್ಕಳನ್ನ ಕರೆಸಿ ಕೂರ್ಸಿ ಪೂರ್ತಿ ಆಡಿದ್ರು. ನಾನು ನಗು ಬಂದ ಜಾಗಕ್ಕೆಲ್ಲ ಪೆನ್ಸಿಲಲ್ಲಿ ಗುರುತು ಹಾಕ್ದೆ, ಚಿಕ್ಕ ನಗುಗೆ ಒಂದು ಗೀಟು, ಜೋರು ನಗುಗೆ ಎರಡು. ಆಮೇಲೆ ಪುಟ ತಿರುವಿ ನೋಡಿದ್ರೆ ಕೊನೇ ಅರ್ಧದಲ್ಲಿ ಗೀಟು ತುಂಬಿವೆ, ಮೊದಲ ಮೂರನೇ ಒಂದು ಭಾಗ ಹತ್ರ ಹತ್ರ ಖಾಲಿ. ಮಕ್ಕಳನ್ನ ಕೇಳಿದಾಗ ವಿಷ್ಯ ಗೊತ್ತಾಯ್ತು, ಬಂದವ್ನು ನಲ್ಲಿಯವ್ನು ಅಂತ ಅವ್ರಿಗೆ ನಡುವಿನವರೆಗೂ ಗೊತ್ತೇ ಆಗಿರ್ಲಿಲ್ಲ. ಬರೆದವ್ರು ಅದನ್ನ ಗುಟ್ಟಾಗಿಟ್ಟು ಆಮೇಲೆ ಬಿಚ್ಚಿಡೋಣ ಅಂದ್ಕೊಂಡಿದ್ರು. ಗುಟ್ಟು ಬಿಚ್ಚಿದಾಗ ಒಂದೇ ಒಂದು ನಗು ಸಿಗುತ್ತೆ. ಪ್ರೇಕ್ಷಕರಿಗೆ ಮೊದ್ಲೇ ಗೊತ್ತಿದ್ದು ಅಪ್ಪನಿಗೆ ಮಾತ್ರ ಗೊತ್ತಿಲ್ದಿದ್ರೆ ಅಪ್ಪ "ಸರ್" ಅಂದಾಗೆಲ್ಲ ನಗು ಸಿಗುತ್ತೆ.

ಅದಕ್ಕೆ ಸಿಕ್ಕ ಪರಿಹಾರ ಒಂದು ಚೀಲ. ನಲ್ಲಿಯವ್ನು ಸ್ಪ್ಯಾನರು ಪೈಪು ತುಂಬಿದ ಚೀಲ ಹಿಡ್ಕೊಂಡು ಬಾಗ್ಲ ಹತ್ರ ಬರ್ತಾನೆ, ಚೀಲಕ್ಕೆ ಕೆಸರು ಮೆತ್ತಿದೆ, ಒಳಗೆ ತಂದ್ರೆ ನೆಲ ಗಲೀಜಾಗುತ್ತೆ ಅಂತ ಹೊಸಿಲಾಚೆ ಪ್ರೇಕ್ಷಕರಿಗೆ ಕಾಣೋ ಹಂಗೆ ಇಟ್ಟು ಬರೀ ಕೈಯಲ್ಲಿ ಒಳಗೆ ಬರ್ತಾನೆ. ಅಪ್ಪ ಓಡಿ ಬಂದು ಕೈ ಮುಗೀತಾನೆ. ಸ್ವಲ್ಪ ಹೊತ್ತಿಗೆ ಕೊಳ್ಳೋ ಹೆಂಗಸು ಬರ್ತಾರೆ, ಬಾಗ್ಲಲ್ಲಿ ಚೀಲ ನೋಡಿ, ಯಾರ್ದೋ ಹೊರಗಡೆ ಬಿಟ್ಟು ಹೋಗಿದ್ದಾರಲ್ಲ ಪಾಪ ಅಂತ ಒಳ್ಳೇ ಮನಸ್ಸಿಂದ ಎತ್ಕೊಂಡು ಒಳಗೆ ಬರ್ತಾರೆ. ಅಮ್ಮ ಚೀಲ ನೋಡಿ, "ಬಾಮ್ಮ, ಬಚ್ಚಲು ಆ ಕಡೆ." ಇಬ್ಬರು ಒಳ್ಳೇ ನಡತೆಯವ್ರು ಒಳ್ಳೇದು ಮಾಡೋಕೆ ಹೋಗಿಯೇ ಗೊಂದಲ ಹುಟ್ಟುತ್ತೆ, ಯಾರೂ ದಡ್ಡರಾಗ್ಬೇಕಿಲ್ಲ. ಸ್ಕ್ರಿಪ್ಟಲ್ಲಿ ಆದ ಬದಲಾವಣೆಗಳಲ್ಲಿ ನನಗೆ ಅತಿ ಇಷ್ಟವಾಗಿದ್ದು ಇದೇ.

ಅದೇ ಪರೀಕ್ಷೆಯಲ್ಲಿ ಕಂಡ ಇನ್ನೊಂದು ದೋಷ, "ನಲ್ಲಿಯವ್ರಿಗೂ ಇವತ್ತೇ ಬರೋಕೆ ಹೇಳಿದೀನಿ" ಅನ್ನೋ ಅಮ್ಮನ ಮಾತು ಒಂದು ಜೋರು ನಗು ಆದ ತಕ್ಷಣ ಬರ್ತಿತ್ತು, ನಗುವಿನ ಸದ್ದಲ್ಲಿ ಮುಳುಗಿ ಹೋಗ್ತಿತ್ತು. ಕಥೆಗೆ ಆಧಾರವಾದ ಮಾತನ್ನ ನಗುವಿನ ಹಿಂದೆ ಇಡ್ಬಾರ್ದು. ಅದನ್ನ ಮುಂಚೆ ತಂದು, ಅಜ್ಜಿ ಬಾಯಲ್ಲೂ ಗೊಣಗಾಟದ ಥರ ಇನ್ನೊಂದ್ಸಲ ಹೇಳ್ಸಿದ್ರು.

ನಗು ಬಂದಾಗ ನಿಲ್ಲೋದನ್ನೂ ಕಲಿಸ್ಬೇಕಾಯ್ತು. ಖಾಲಿ ಹಾಲಲ್ಲಿ ತಿಂಗಳಾನುಗಟ್ಟಲೆ ಅಭ್ಯಾಸ ಮಾಡಿದ ಮಗು ಪ್ರೇಕ್ಷಕರು ನಕ್ಕಾಗ ಗಾಬರಿಯಾಗಿ ಮಾತು ಮುಂದಕ್ಕೆ ಓಡಿಸುತ್ತೆ, ಆಗ ಜನ ಮುಂದಿನ ಮಾತು ಕೇಳಿಸ್ಕೊಳೋಕೆ ನಗು ತಡೀತಾರೆ, ಎರಡು ಮೂರು ಸಲ ಹಿಂಗಾದ್ರೆ ನಗೋದೇ ಬಿಡ್ತಾರೆ. ನಗು ಮೇಲಕ್ಕೆ ಏರಿ ಇಳಿಯೋಕೆ ಶುರುವಾದಾಗ, ಪೂರ್ತಿ ನಿಲ್ಲೋಕೆ ಮುಂಚೆ, ಸ್ವಲ್ಪ ಎತ್ತರದ ಧ್ವನಿಯಲ್ಲಿ ಮುಂದಿನ ಮಾತು ತಗೋಬೇಕು. ಅಲ್ಲೀವರ್ಗೂ ಸ್ತಬ್ಧವಾಗಿ ನಿಲ್ಲೋದಲ್ಲ, ಪಾತ್ರ ತನ್ನ ಯೋಚ್ನೆಯಲ್ಲೇ ಇರ್ಬೇಕು, ಅಪ್ಪ ಕೋಟಿನ ಗುಂಡಿ ಹಾಕ್ಕೊಳ್ಬೋದು, ಮಗ ಬೀರು ಬಾಗ್ಲು ಇನ್ನಷ್ಟು ಒತ್ಬೋದು. ಇದನ್ನ ಅಭ್ಯಾಸ ಮಾಡ್ಸೋಕೆ ಕೊನೇ ತಾಲೀಮುಗಳಲ್ಲಿ ಎದುರಿಗೆ ಕೂತ ನಾವೆಲ್ಲ ಬೇಕಂತಲೇ ಬೇರೆ ಬೇರೆ ಜಾಗದಲ್ಲಿ, ಒಂದ್ಸಲ ಚಿಕ್ಕದಾಗಿ ಒಂದ್ಸಲ ಉದ್ದಕ್ಕೆ ನಗ್ತಿದ್ವಿ. ಈ ನಗುವಿಗೆ ಜಾಗ ಬೇಕು ಅಂತಾನೇ ಖಾಲಿ ಹಾಲಿನ ಓಟನ 26 ನಿಮಿಷಕ್ಕೆ ಇಳಿಸಿದ್ರು. 30ರ ಮಿತಿ ಇದ್ದಾಗ 29 ನಿಮಿಷದ ಹಾಸ್ಯ ನಾಟಕ ತಯಾರಿಸಿದ್ರೆ ಜನ ನಕ್ಕಷ್ಟೂ ತಂಡಕ್ಕೆ ಕಂಟಕ.

ಮೊದಲ ಪ್ರದರ್ಶನ ತುಂಬಿದ ಹಾಲಲ್ಲಿ ಆಯ್ತು. ಚೀಲ ಎತ್ಕೊಂಡು ಆ ಹೆಂಗಸು ಒಳಗೆ ಬಂದಾಗಿಂದ ನಗು ಹಿಡಿದಿದ್ದು ಬಿಡ್ಲೇ ಇಲ್ಲ, ಬಾಲಿನ ಹುಡುಗಿ ಮೂರನೇ ಸಲ ಕೇಳಿದಾಗ ಚಪ್ಪಾಳೆನೇ ಬಂತು, ಅಜ್ಜಿ ಕೂತಾಗ ಮೇಡಂ ಕೊನೇ ಸಾಲಲ್ಲಿ ಎದ್ದು ನಿಂತಿದ್ರು. ಕೊನೆ ಮಾತ್ರ ಕೂರ್ಲಿಲ್ಲ. ಎಲ್ಲ ಗುಟ್ಟು ರಟ್ಟಾದ ಮೇಲೆ ಕೊಳ್ಳೋ ಹೆಂಗಸು ಕೈ ಒರೆಸ್ಕೊಳ್ತಾ ಬಂದು, ಅಜ್ಜಿ ಕಡೆ ನೋಡಿ, "ಮನೆ ವಿಷ್ಯ ಇರ್ಲಿ, ಎಷ್ಟು ಹೇಳ್ತೀರಾ, ಈ ಕುರ್ಚಿಗೆ?" ಅಂತ ಕೇಳ್ತಾರೆ, ಹಾಲ್ ಪೂರ್ತಿ ನಕ್ಕಿತು. ಅದಾದ ಮೇಲೆ ಅಪ್ಪನದ್ದು ಒಂದು ಭಾಷಣ ಇತ್ತು, ಸುಳ್ಳು ಹೇಳ್ಬಾರ್ದು, ಮನೆ ಅಂದ್ರೆ ಗೋಡೆ ಅಲ್ಲ ಇತ್ಯಾದಿ. ಶಾಲೆ ನಾಟಕ ಅಂದ್ರೆ ಕೊನೇಲಿ ನೀತಿ ಇರ್ಲೇಬೇಕು ಅಂತ ಕೆಲವ್ರು ಹಠ ಹಿಡಿದು ಉಳಿಸ್ಕೊಂಡಿದ್ದು. ಜನ ಭಾಷಣ ಮುಗಿಯೋಕೆ ಮುಂಚೆ ಬ್ಯಾಗ್ ಹುಡುಕೋಕೆ ಶುರು ಮಾಡಿದ್ರು. ಎರಡನೇ ಪ್ರದರ್ಶನಕ್ಕೆ ಭಾಷಣ ಪೂರ್ತಿ ಹೋಯ್ತು, ಹೆಂಗಸಿನ ಮಾತು ಮುಗೀತಿದ್ದಂಗೆ ಅಜ್ಜಿ ಕುರ್ಚಿ ಕೈನ ಇನ್ನಷ್ಟು ಬಿಗಿಯಾಗಿ ಹಿಡ್ಕೊಳ್ತಾಳೆ, ಲೈಟೆಲ್ಲ ಆರಿ ಬ್ಲಾಕೌಟ್. ಭಾಷಣ ತೆಗೀಬೇಡಿ ಅಂದಿದ್ದವ್ರೂ ಆಮೇಲೆ ಒಪ್ಕೊಂಡ್ರು.

ಎರಡನೇ ಪ್ರದರ್ಶನದಲ್ಲಿ ಬೇರೆ ತೊಂದ್ರೆ ಬಂತು. ಹಾಲ್ ದೊಡ್ದು, ಜನ ಕಮ್ಮಿ, ಬಂದವ್ರು ಅಲ್ಲೊಬ್ರು ಇಲ್ಲೊಬ್ರು ಚದುರಿ ಕೂತಿದ್ರು. ನಗು ಒಬ್ರಿಂದ ಒಬ್ರಿಗೆ ಹತ್ತೋ ಥರದ್ದು, ಪಕ್ಕದಲ್ಲಿ ಯಾರೂ ಇಲ್ಲದವ್ರು ಮನಸ್ಸಲ್ಲೇ ನಕ್ಕು ಸುಮ್ಮನಾಗ್ತಾರೆ. ಮೊದಲ ಹತ್ತು ನಿಮಿಷ ನಗು ಕೇಳಿಸದೇ ಇದ್ದಾಗ ಅಪ್ಪನ ಪಾತ್ರದವ್ರ ಕಣ್ಣು ಮತ್ತೆ ಅಗಲ ಆಗೋಕೆ ಶುರುವಾಯ್ತು, ಮಗನ ಪಾತ್ರದ ಹುಡುಗ ಮಾತ್ರ ಬೀರು ಬಿಟ್ಟು ಅಲುಗ್ಲಿಲ್ಲ, ಅವ್ನ ಗಾಬರಿ ಅಷ್ಟೇ ನಿಜವಾಗಿತ್ತು, ಅದನ್ನ ನೋಡಿ ಅಪ್ಪನೂ ವಾಪಸ್ ಹಳಿಗೆ ಬಂದ್ರು. ಮುಂದಿನ ಸಲದಿಂದ ಏನ್ ಮಾಡ್ಬೇಕು ಅಂತ ಆವತ್ತೇ ರಾತ್ರಿ ನಿರ್ಧಾರ ಆಯ್ತು. ಜನ ಕಮ್ಮಿ ಇದ್ರೆ ಗಂಟೆ ಹೊಡೆಯೋಕೆ ಮುಂಚೆ ತಂಡದ ಇಬ್ರು ಹಾಲ್‌ಗೆ ಹೋಗಿ ಎಲ್ರನ್ನೂ ಕೇಳ್ಕೊಂಡು ಮುಂದಿನ ಸಾಲುಗಳಲ್ಲಿ ಒತ್ತೊತ್ತಾಗಿ ಕೂರಿಸ್ಬೇಕು, ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿಬಿಡ್ಬೇಕು, ಆಮೇಲೇನೇ ಪರದೆ.